ಅಡಕವೂ ಮುಚ್ಚುಮರೆಯೂ: ನಾಸಿಕ, ಸಂಭಾಜಿನಗರಗಳ ಮೋಟಾರುಗಾಡಿಗಳನ್ನು ಕುರಿತು

ವಿಮರ್ಶೆಯೆಂದರೆ ಕಾವ್ಯದ ವಿಮರ್ಶೆ, ಹೆಚ್ಚೆಂದರೆ ಶಿಲ್ಪ ಸಂಗೀತಗಳ ವಿಮರ್ಶೆ ಎಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ದಿನವೂ ಕೈಗೆ ಕಾಲಿಗೆ ತಾಗುವ ವಸ್ತುಗಳ ರಚನೆಯಲ್ಲಿಯೂ ಗುಣದೋಷಗಳಿವೆ, ಅವನ್ನೂ ಒರೆಗೆ ಹಚ್ಚಿ ನೋಡಬಹುದು ಎಂಬುದನ್ನು ನಾವು ಅಷ್ಟಾಗಿ ಲಕ್ಷಿಸಿದವರಲ್ಲ. ಆದರೆ ವಸ್ತುಗಳನ್ನು ಮಾಡಿದ ನಮ್ಮ ಹಿರಿಯರಿಗೆ ಈ ದೃಷ್ಟಿ ಇರಲಿಲ್ಲವೆನ್ನಲಾಗದು. ಅಜ್ಜಿಯರ ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ ನೋಡಿದವರಿಗೆ ಇದು ತಿಳಿದೀತು. ಹೊರಮಡಿಕೆಯಲ್ಲಿ ಎಲೆ, ಅದರೊಳಗಿನದರಲ್ಲಿ ಅಡಿಕೆ, ಒಂದು ಮೂಲೆಯಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗಿನ ಮಡಿಕೆಯಲ್ಲಿ ನಾಲ್ಕು ಕಾಸು. ಇಷ್ಟೆಲ್ಲವೂ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಒಂದು ಬಟ್ಟೆಯ ಚೀಲದೊಳಗೆ. ಎತ್ತಿನ ಗಾಡಿಯ ಅಡಿಯಲ್ಲಿ ತೂಗುತ್ತಿದ್ದ ಕೀಲೆಣ್ಣೆಯ ಗೊಟ್ಟವೂ, ಅಂಗಳದ ನೆಲದಡಿಯ ಧಾನ್ಯದ ಹಗೇವೂ ಇದೇ ಬಗೆಯವು. ಕಣ್ಣಿಗೆ ಬೀಳವು, ಬೇಕಾದಾಗ ಒದಗುತ್ತವೆ.

ಇಂಥ ರಚನೆಗೆ ಕನ್ನಡದಲ್ಲಿ 'ಅಡಕ' ಎಂಬ ಒಳ್ಳೆಯ ಮಾತಿದೆ. ಅದರ ಪಕ್ಕದಲ್ಲಿಯೇ 'ಮುಚ್ಚುಮರೆ' ಎಂಬ ಇನ್ನೊಂದು ಮಾತೂ ಇದೆ. ಎರಡರಲ್ಲಿಯೂ ವಸ್ತು ಕಣ್ಣಿಗೆ ಕಾಣದಿರುವುದು ಸಮಾನವಾದರೂ ಅರ್ಥದಲ್ಲಿ ಅಜಗಜಾಂತರವಿದೆಯಷ್ಟೆ. ಅಡಕದಲ್ಲಿ ಒಳಗಿರುವುದು ಬಳಸುವವನದು. ಅವನ ಕೈಕಾಲಿಗೆ ಅಡ್ಡಬಾರದಿರಲಿ ಎಂದು ಮಾತ್ರ ಅದು ಒಳಗಿದೆ. ಮುಚ್ಚುಮರೆಯಲ್ಲಿ ಒಳಗಿರುವುದು ಮಾಡಿದವನದು. ಬಳಸುವವನಿಗೆ ತಿಳಿಯದಿರಲಿ ಎಂದೇ ಅದನ್ನು ಒಳಗಿಟ್ಟಿದೆ. ಈಚಿನ ದಿನಗಳಲ್ಲಿ ಮೋಟಾರು ಕಾರುಗಳಲ್ಲಿರುವ 'ಗುಪ್ತ ಸೌಕರ್ಯ'ಗಳನ್ನು ಹೊಗಳುವವರು ಬಹಳ. ಆ ಹೊಗಳಿಕೆ ಈ ಎರಡು ಮಾತುಗಳ ಭೇದವನ್ನು ಮರೆತಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಪರೀಕ್ಷೆಗೆ ಎರಡು ಊರುಗಳ ಗಾಡಿಗಳನ್ನು ಆರಿಸಿಕೊಂಡಿದ್ದೇನೆ: ನಾಸಿಕ, ಮತ್ತು ಹಿಂದೆ ಔರಂಗಾಬಾದು ಎನಿಸಿಕೊಂಡು ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಪಡೆದ ನಗರ. ಕನ್ನಡ ವಾಚಕರಿಗೆ ಇವು ಪರಸ್ಥಳಗಳಲ್ಲ. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಹೇಳುವ ಗೋದಾವರಿಯು ಹುಟ್ಟುವುದು ನಾಸಿಕದ ಸಮೀಪದ ತ್ರ್ಯಂಬಕದಲ್ಲಿ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವೂ, ತಮ್ಮ ಶಾಸನಗಳಲ್ಲಿ ಕನ್ನಡವನ್ನು ಧಾರಾಳವಾಗಿ ಬಳಸಿದ ಸೇವುಣರ ದೇವಗಿರಿಯೂ ಸಂಭಾಜಿನಗರದ ನೆರೆಯಲ್ಲಿವೆ. ಈ ನೆಲದಲ್ಲಿ ಇಂದು ಕಾರುಗಳು ತಯಾರಾಗುತ್ತವೆ. ನಾಸಿಕದ ಸಾತಪುರದಲ್ಲಿ ಮಹೀಂದ್ರ ಸಂಸ್ಥೆಯ ಕಾರ್ಖಾನೆಯಿದೆ. ಸಂಭಾಜಿನಗರದಿಂದ ಜಾಲನಾಕ್ಕೆ ಹೋಗುವ ದಾರಿಯ ಶೇಂದ್ರದಲ್ಲಿ ಜೆಕ್ ದೇಶದ ಸ್ಕೋಡಾ ಸಂಸ್ಥೆಯು ೨೦೦೧ರಿಂದ ಗಾಡಿಗಳನ್ನು ಜೋಡಿಸುತ್ತ ಬಂದಿದೆ.

ಶೇಂದ್ರದಿಂದ ಮೊದಲು ಹೊರಬಂದದ್ದು ಆಕ್ಟೇವಿಯ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ೨೦೦೯ರಲ್ಲಿ ಭಾರತಕ್ಕೆ ಬಂದ ಎರಡನೆಯ ಪೀಳಿಗೆಯ ಸುಪರ್ಬ್. ಇದರ ಹಿಂಬದಿಯ ಬಾಗಿಲಿನ ದಪ್ಪದೊಳಗೆ ಒಂದು ಕೊಳವೆಯಿದೆ. ಕೊಳವೆಯೊಳಗೆ ಒಂದು ಕೊಡೆಯಿದೆ. ಬಾಗಿಲು ಮುಚ್ಚಿದ್ದಾಗ ಇದರ ಸುಳಿವೇ ಇಲ್ಲ. ಬಾಗಿಲು ತೆರೆದಾಗ ಅದರ ಅಂಚಿನಲ್ಲಿ ಒಂದು ಗುಂಡು ಬಾಯಿ ಕಾಣುತ್ತದೆ. ಹಿಡಿಯನ್ನೆಳೆದರೆ ಕೊಡೆ ಕೈಗೆ ಬರುತ್ತದೆ. ಇದನ್ನು ಕಂಡವರೆಲ್ಲ ಬೆರಗಾಗಿ, ನೆಂಟರಿಗೂ ತೋರಿಸಿ ಸಂತೋಷಪಟ್ಟಿರುವುದು ಸಹಜ. ಆದರೆ ಬೆರಗಿನಲ್ಲಿ ಒಂದು ಅಂಶ ಕಣ್ತಪ್ಪಿ ಹೋಗುತ್ತದೆ. ಕೊಡೆಯನ್ನು ಬಾಗಿಲಿನಲ್ಲಿ ಸಿಕ್ಕಿಸಿಡುವುದು ಅಂಥ ದೊಡ್ಡ ಯೋಚನೆಯೇನಲ್ಲ; ಅರಮನೆಯ ಸಾರೋಟಿನವರಿಗೂ ಹೊಳೆಯಬಹುದಾದದ್ದು. ಮಳೆ ನಿಂತ ಮೇಲೆ ತೊಟ್ಟಿಕ್ಕುವ ಕೊಡೆಯನ್ನು ಎಲ್ಲಿಡುವುದು ಎಂಬುದೇ ನಿಜವಾದ ಪ್ರಶ್ನೆ. ಆ ಕೊಳವೆಯ ತಳದಲ್ಲಿ ನೀರು ಬಸಿದು ಹೊರಕ್ಕೆ ಹೋಗುವಂತೆ ದಾರಿ ಮಾಡಿದೆ. ಒದ್ದೆಯ ಕೊಡೆಯನ್ನು ಹಾಗೆಯೇ ಒಳಗೆ ತಳ್ಳಬಹುದು, ಆಸನ ನೆನೆಯುವುದಿಲ್ಲ. ಕೊಡೆಯನ್ನು ಕಂಡು ಹೊಗಳಿದವರು ಅಲಂಕಾರವನ್ನು ಹೊಗಳಿದರು; ಆ ಬಸಿಯುವ ದಾರಿಯನ್ನು ಕಂಡವರು ರಚನೆಯನ್ನು ಕಂಡರು ಎಂದು ನನ್ನ ಮತ.

೨೦೧೭ರಲ್ಲಿ ಬಂದ ಕೋಡಿಯಾಕ್ ಎಂಬ ಗಾಡಿಯಲ್ಲಿ ಕೊಡೆಗಳು ಎರಡಾಗಿ ಮುಂಬಾಗಿಲುಗಳಿಗೆ ಬಂದುವು. ಅದರಲ್ಲಿ ಇನ್ನೂ ಎರಡು ಅಡಕಗಳಿವೆ. ಡಿಕ್ಕಿಯ ದೀಪವನ್ನು ಅದರ ಗೂಡಿನಿಂದ ಕಿತ್ತರೆ ಅದೇ ಕೈದೀಪವಾಗುತ್ತದೆ. ಬೆನ್ನಿಗೆ ಅಯಸ್ಕಾಂತವಿರುವುದರಿಂದ ಗಾಡಿಯ ಮೈಗೆ ಅಂಟಿಸಿ ಎರಡು ಕೈಗಳಿಂದಲೂ ಸ್ಟೆಪ್ನಿ ಬದಲಾಯಿಸಬಹುದು. ಮತ್ತೆ ಗೂಡಿನಲ್ಲಿಟ್ಟರೆ ಗಾಡಿ ಓಡುವಾಗ ತಾನೇ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಎರಡನೆಯದು ಬಾಗಿಲಂಚಿನ ಕಾಪು. ಬಾಗಿಲು ತೆರೆಯುತ್ತಲೇ ಮೃದುವಾದ ಒಂದು ಪಟ್ಟಿ ತಾನಾಗಿ ಅಂಚನ್ನು ಕವಿಯುತ್ತದೆ. ಪಕ್ಕದ ಗೋಡೆಗೋ ನೆರೆಯವರ ಗಾಡಿಗೋ ಬಾಗಿಲು ತಗುಲಿದರೆ ಎರಡು ಕಡೆಯ ಬಣ್ಣವೂ ಉಳಿಯುತ್ತದೆ. ಮುಚ್ಚುವಾಗ ಪಟ್ಟಿ ಮತ್ತೆ ಒಳಸರಿಯುತ್ತದೆ. ಇದನ್ನು ಯಾರೂ ಕಲಿಯಬೇಕಾಗಿಲ್ಲ, ನೆನಪಿಡಬೇಕಾಗಿಲ್ಲ. ಕೊಡೆಯಾದರೋ ಇದೆಯೆಂದು ಗೊತ್ತಿದ್ದವನಿಗೆ ಮಾತ್ರ ಉಂಟು. ಆದ್ದರಿಂದ ಇವುಗಳಲ್ಲಿ ಮೇಲ್ಪಂಕ್ತಿ ಕಾಪಿಗೇ ಸಲ್ಲತಕ್ಕದ್ದು. ಜನರ ಬಾಯಲ್ಲಿ ಮಾತ್ರ ಕೊಡೆಗೇ ಮೊದಲ ಸ್ಥಾನ.

ಇಲ್ಲಿ ಒಂದು ಆಕ್ಷೇಪಣೆಯನ್ನೂ ಹೇಳಬೇಕು. ಈ ಸಂಸ್ಥೆಯು ಇಂಥ ಸೌಕರ್ಯಗಳಿಗೆಲ್ಲ 'ಸಿಂಪ್ಲಿ ಕ್ಲೆವರ್' ಎಂಬ ಒಂದು ಬಿರುದನ್ನು ಕೊಟ್ಟು, ಪಟ್ಟಿ ಮಾಡಿ, ಜಾಹೀರಾತಿನಲ್ಲಿ ಎಣಿಸಿ ತೋರಿಸುತ್ತ ಬಂದಿದೆ. ಎಣಿಕೆಗೆ ಸಿಕ್ಕ ಸೌಜನ್ಯಕ್ಕೆ ಏನಾಗುತ್ತದೆಂಬುದನ್ನು ನಮ್ಮ ಅಲಂಕಾರಶಾಸ್ತ್ರದ ಚರಿತ್ರೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಪದ್ಯಕ್ಕೆ ಇಷ್ಟು ಅಲಂಕಾರಗಳಿರಬೇಕೆಂದು ಹೊರಟ ಕವಿಗಳು ರಸವನ್ನು ಕಳೆದುಕೊಂಡ ಹಾಗೆ, ಗಾಡಿಗೆ ಇಷ್ಟು ಚತುರತೆಗಳಿರಬೇಕೆಂದು ಹೊರಟರೆ ಬೇಡದ ಕಡೆಯೂ ಒಂದೊಂದು ಕೊಕ್ಕೆ, ಒಂದೊಂದು ಗೂಡು ಹುಟ್ಟಿಕೊಳ್ಳುತ್ತದೆ. ಮುಂಗಾಜಿನ ಮೂಲೆಯಲ್ಲಿ ಪಾರ್ಕಿಂಗ್ ಚೀಟಿ ಸಿಕ್ಕಿಸುವ ಒಂದು ಚಿಮಟಿಗೆ ಆ ಗಾಡಿಗಳಲ್ಲಿದೆ. ಚೀಟಿಯನ್ನು ಗಾಜಿನ ಹಿಂದೆ ಕಾಣುವಂತಿಡುವ ಯುರೋಪಿನ ಪಟ್ಟಣಗಳಿಗೆ ಅದು ಹೇಳಿ ಮಾಡಿಸಿದ್ದು. ನಮ್ಮಲ್ಲಿ ಚೀಟಿ ಕೊಟ್ಟ ಹುಡುಗನೇ ಅದನ್ನು ವೈಪರಿನಡಿಗೆ ತುರುಕಿ ಹೋಗುತ್ತಾನೆ. ಶೇಂದ್ರದ ಕಾರ್ಖಾನೆಗೆ ಬಿಡಿಭಾಗಗಳು ಹೊರದೇಶದಿಂದ ಬಂದು ಇಲ್ಲಿ ಜೋಡಣೆಯಾಗುತ್ತವೆ. ಭಾಗಗಳೊಡನೆ ಯೋಚನೆಯೂ ಅಲ್ಲಿಂದಲೇ ಬರುತ್ತದೆ. ಮಳೆಗಾಗಿ ಆಕಾಶ ನೋಡುವ ಮರಾಠವಾಡೆಯ ಕೈಗಳು ಕೊಡೆಯ ಗೂಡುಗಳನ್ನು ಜೋಡಿಸುತ್ತವೆ ಎಂಬುದರಲ್ಲಿ ಒಂದು ವಿಷಾದದ ಹಾಸ್ಯವಿದೆ. ಧೂಳಿಗೆ, ನಾಲ್ವತ್ತು ಡಿಗ್ರಿಯ ಬಿಸಿಲಿಗೆ, ಚಪ್ಪಲಿ ಬಿಚ್ಚಿ ಕಾಲು ಮಡಿಸಿ ಕೂರುವ ಅಜ್ಜಿಗೆ, ಮುಂಭಾಗದಲ್ಲಿ ಕೂರಿಸಬೇಕಾದ ಗಣಪತಿಗೆ ಇಂಥ ಅಡಕವನ್ನು ಯಾರು ಯೋಚಿಸಿದ್ದಾರೆ?

ಪ್ರಶ್ನೆ ಇರಲಿ. ನೀರನ್ನು ಬಸಿಯುವ ಮಾತು ಬಂದುದರಿಂದ ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಏಕೆಂದರೆ ಬೆಲೆಬಾಳುವ ಗಾಡಿಗಳಲ್ಲಿ ಮಾತ್ರವಲ್ಲದೆ ಸಾಮಾನ್ಯ ಕಾರುಗಳಲ್ಲಿಯೂ ಇರುವ ಅತ್ಯುತ್ತಮ ಅಡಕ ಇದೇ ಜಾತಿಯದು. ಬಾಗಿಲಿನ ಗಾಜಿನ ಮೇಲೆ ಬಿದ್ದ ಮಳೆನೀರು ರಬ್ಬರಿನ ಪಟ್ಟಿಯನ್ನು ದಾಟಿ ಬಾಗಿಲಿನ ಟೊಳ್ಳಿನೊಳಕ್ಕೆ ಇಳಿಯುತ್ತದೆ. ಇದನ್ನು ಪೂರ್ತಿಯಾಗಿ ತಡೆಯುವುದು ಸಾಧ್ಯವಿಲ್ಲವೆಂದು ರಚನಕಾರರು ಬಹು ಹಿಂದೆಯೇ ಒಪ್ಪಿಕೊಂಡು, ಬಾಗಿಲಿನ ತಳದ ಅಂಚಿನಲ್ಲಿ ಕೆಲವು ಸಣ್ಣ ಸೀಳುಗಂಡಿಗಳನ್ನು ಬಿಟ್ಟರು. ನೀರು ಒಳಗೆ ಬರಲಿ, ಆದರೆ ನಿಲ್ಲದಿರಲಿ ಎಂಬ ಉಪಾಯ ಇದು. ಸೂರ್ಯನನ್ನು ಕಾಣಲು ಮಾಡಿನಲ್ಲಿ ಗಾಜಿನ ಕಿಂಡಿ ಇರುವ ಗಾಡಿಗಳಿಗೆ ಈಗ ನಮ್ಮಲ್ಲಿ ಬಹು ಬೇಡಿಕೆ. ಆ ಕಿಂಡಿಯ ಸುತ್ತಲಿನ ದೋಣಿಯಿಂದಲೂ ಸಣ್ಣ ನಳಿಕೆಗಳು ಕಂಬಗಳೊಳಗೆ ಇಳಿದು ಚಕ್ರದ ಬಳಿ ನೀರನ್ನು ಬಿಡುತ್ತವೆ. ಇವು ಎಲೆ, ಧೂಳು ಸೇರಿ ಕಟ್ಟಿಕೊಂಡರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕಿಂಡಿಯ ನೀರು ನೆತ್ತಿಯ ಮೇಲೆ ತೊಟ್ಟಿಕ್ಕುತ್ತದೆ. ನನಗೆ ಪರಿಚಿತರಾದ ಒಬ್ಬರ ಗಾಡಿಗೆ ತುಕ್ಕು ಹಿಡಿಯದಿರಲೆಂದು ಒಂದು ಗ್ಯಾರೇಜಿನವರು ತಳಕ್ಕೆಲ್ಲ ಕಪ್ಪು ಲೇಪವನ್ನು ಬಳಿದರು. ಬಳಿಯುವಾಗ ಬಾಗಿಲಿನ ಸೀಳುಗಂಡಿಗಳೂ ಮುಚ್ಚಿಹೋದುವು. ಎರಡು ಮಳೆಗಾಲ ಕಳೆಯುವುದರೊಳಗೆ ಬಾಗಿಲುಗಳು ತಳದಿಂದ ಮೇಲಕ್ಕೆ ಕೊಳೆತುವು. ತಿರುವಿನಲ್ಲಿ ನೀರು ಕುಲುಕುವ ಸದ್ದು ಕೇಳುತ್ತಿತ್ತಂತೆ. ಅದು ಏನೆಂದು ಯಾರಿಗೂ ಹೊಳೆಯಲಿಲ್ಲ. ಗಂಡಿ ಇದೆಯೆಂಬುದು ಮನೆಯವರಿಗೂ ಗೊತ್ತಿರಲಿಲ್ಲ, ಗ್ಯಾರೇಜಿನ ಹುಡುಗನಿಗೂ ಗೊತ್ತಿರಲಿಲ್ಲ.

ನೀರನ್ನು ಅಡಗಿಸಿ ನಡೆಸುವ ವಿದ್ಯೆಯಲ್ಲಿ ಸಂಭಾಜಿನಗರ ಹಳೆಯ ಕೈ. ಮಲಿಕ್ ಅಂಬರನು ೧೬೧೦ರಲ್ಲಿ ಖಡಕಿ ಎಂಬ ಹೆಸರಿನಿಂದ ಈ ಊರನ್ನು ಕಟ್ಟಿದ ಮೇಲೆ ನೆಲದಡಿಯ ಕಾಲುವೆಯಿಂದ ಊರಿಗೆ ನೀರನ್ನು ತಂದನು. ಬಾಬಾ ಶಾಹ ಮುಸಾಫಿರರ ದರ್ಗೆಯ ಬಳಿಯ ಪನ್‌ಚಕ್ಕಿಗೂ ದೂರದ ಬೆಟ್ಟದ ನೀರು ಮಣ್ಣಿನ ಕೊಳವೆಗಳಲ್ಲಿ ನೆಲದೊಳಗೆ ಹರಿದು ಬಂದು, ಒಂದು ಎತ್ತರದ ಗೋಡೆಯನ್ನೇರಿ, ಅಲ್ಲಿಂದ ಕೊಳಕ್ಕೆ ಧುಮುಕುತ್ತದೆ. ಆ ನೀರಿನ ಬಲದಿಂದ ಬೀಸುವ ಕಲ್ಲು ತಿರುಗಿ ಯಾತ್ರಿಕರಿಗೂ ಫಕೀರರಿಗೂ ಹಿಟ್ಟು ಒದಗುತ್ತಿತ್ತು. ನೋಡುವವರು ಧಾರೆಯನ್ನೂ ಚಕ್ಕಿಯನ್ನೂ ನೋಡಿ ಹೊರಟುಹೋಗುತ್ತಾರೆ. ಕೊಳದ ತಳವೇ ಅದರ ಕೆಳಗಿನ ವಿಶಾಲವಾದ ಒಂದು ಹಜಾರದ ಮೇಲ್ಛಾವಣಿ ಎಂಬುದನ್ನು ಗಮನಿಸುವವರು ಕಡಿಮೆ. ಬೇಸಿಗೆಯಲ್ಲಿ ದಾರಿನಡೆದು ಬಂದವನು ತಲೆಯ ಮೇಲೆ ನೀರಿದೆಯೆಂದು ಅರಿಯದೆಯೇ ಅಲ್ಲಿ ತಂಪಾಗಿ ಕುಳಿತುಕೊಳ್ಳಬಹುದು. ಅರಿಯದವನಿಗೂ ಫಲಕೊಡುವ ಇಂಥ ರಚನೆಯನ್ನು ನಾನು ಅಡಕದ ಪರಮಾವಧಿಯೆಂದು ಎಣಿಸುತ್ತೇನೆ. ಕೋಡಿಯಾಕಿನ ಬಾಗಿಲಂಚಿನ ಕಾಪು ಇದರ ದೂರದ ಸಂಬಂಧಿ.

ಅರಿಯದವನಿಗೆ ತಾನೇ ಅರಿವನ್ನು ಕೊಡುವ ಇನ್ನೊಂದು ಬಗೆಯೂ ಉಂಟು. ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳಿನ ಬಳಿ, ಬಂಕಿನ ಪುಟ್ಟ ಚಿತ್ರದ ಪಕ್ಕದಲ್ಲಿ, ಒಂದು ಸಣ್ಣ ತ್ರಿಕೋನ ಗಾಡಿಯ ಎಡಕ್ಕೋ ಬಲಕ್ಕೋ ಮುಖಮಾಡಿರುತ್ತದೆ. ಟ್ಯಾಂಕಿನ ಮುಚ್ಚಳ ಯಾವ ಪಕ್ಕದಲ್ಲಿದೆಯೆಂದು ಅದು ಹೇಳುತ್ತದೆ. ಅಮೆರಿಕದ ಫೋರ್ಡ್ ಸಂಸ್ಥೆಯಲ್ಲಿದ್ದ ಜಿಮ್ ಮೊಯ್ಲಾನ್ ಎಂಬಾತನು ಮಳೆಯ ದಿನ ತನ್ನದಲ್ಲದ ಗಾಡಿಯನ್ನು ಬಂಕಿನಲ್ಲಿ ತಪ್ಪು ಪಕ್ಕಕ್ಕೆ ನಿಲ್ಲಿಸಿ ನೆನೆದನಂತೆ. ಒದ್ದೆಯ ಬಟ್ಟೆಯಲ್ಲಿಯೇ ಕುಳಿತು ೧೯೮೬ರ ಏಪ್ರಿಲಿನಲ್ಲಿ ಮೇಲಿನವರಿಗೆ ಒಂದು ಟಿಪ್ಪಣಿ ಬರೆದನು. ೧೯೮೯ರ ಗಾಡಿಗಳಲ್ಲಿ ಬಾಣ ಕಾಣಿಸಿಕೊಂಡಿತು. ಕಾಲಕ್ರಮದಲ್ಲಿ ಎಲ್ಲ ದೇಶಗಳ ಗಾಡಿಗಳಿಗೂ ಹಬ್ಬಿತು. ಬಹು ವರ್ಷಗಳವರೆಗೆ ಅದರ ಕರ್ತೃ ಯಾರೆಂದು ಲೋಕಕ್ಕೆ ಗೊತ್ತಿರಲಿಲ್ಲ. ಈ ಬಾಣವನ್ನು ಹತ್ತು ವರ್ಷ ಗಾಡಿ ನಡೆಸಿದವರೂ ಗಮನಿಸದಿರುವುದುಂಟು. ಆದರೂ ಇದು ಪ್ರಹೇಳಿಕೆಯಲ್ಲ. ಒಗಟು ತನ್ನನ್ನು ಬಿಡಿಸೆಂದು ಸವಾಲು ಹಾಕುತ್ತದೆ. ಧ್ವನಿಯಾದರೋ ಸಹೃದಯನ ಕಣ್ಣು ತಿರುಗಿದ ಕ್ಷಣದಲ್ಲಿಯೇ ಅರ್ಥವನ್ನು ಕೊಡುತ್ತದೆ. ಬಾಣ ಇರುವುದು ಬೇಕಾದವನ ಕಣ್ಣು ಹೇಗೂ ಹೋಗುವ ಜಾಗದಲ್ಲಿಯೇ.

ಇನ್ನು ನಾಸಿಕಕ್ಕೆ ಬರೋಣ. ಅಲ್ಲಿಯ ಗಾಡಿಗಳ ಸ್ವಭಾವವೇ ಬೇರೆ. ೨೦೦೦ದಲ್ಲಿ ಹುಟ್ಟಿದ ಬೊಲೆರೊ ತನ್ನ ಬಿಡಿಚಕ್ರವನ್ನು ಸಹ ಹಿಂಬಾಗಿಲಿನ ಮೇಲೆ ಬಹಿರಂಗವಾಗಿ ಹೊತ್ತುಕೊಂಡು ತಿರುಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಮೆಚ್ಚಿದವರು ಅದರ ನೇರವಾದ ಮೈಕಟ್ಟನ್ನೇ ಮೆಚ್ಚಿದ್ದಾರೆ. ಅಲ್ಲಿಯೇ ತಯಾರಾಗುವ ಥಾರ್‌ನ ೨೦೨೦ರ ರೂಪದಲ್ಲಿ ಮಾತ್ರ ಒಂದು ಒಳ್ಳೆಯ ಅಡಕವಿದೆ. ನೆಲಹಾಸಿನಡಿಯಲ್ಲಿ ಬಿರಡೆಗಳಿವೆ. ಕೆಸರು ತುಂಬಿದ ಗಾಡಿಯೊಳಕ್ಕೆ ನೀರು ಸುರಿದು ತೊಳೆದು, ಬಿರಡೆ ಕಿತ್ತರೆ ಹಟ್ಟಿಯ ನೆಲದ ಹಾಗೆ ನೀರು ಇಳಿದುಹೋಗುತ್ತದೆ. ಇದು ನಮ್ಮ ಮಳೆಗಾಲವನ್ನು ಬಲ್ಲವರ ಯೋಚನೆ.

ಆದರೆ ನಾಸಿಕದಿಂದ ಬಂದ ಗಾಡಿಗಳಲ್ಲಿ ವಿಮರ್ಶಕನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಯಾರೂ ಅಷ್ಟಾಗಿ ಹೊಗಳದ ಲೋಗನ್ ಬಳಿ. ಫ್ರಾನ್ಸಿನ ರೆನೊ ಸಂಸ್ಥೆಯ ಅಧ್ಯಕ್ಷನಾಗಿದ್ದ ಲೂಯಿ ಶ್ವೈಟ್ಸರ್ ೫,೦೦೦ ಯೂರೋ ಬೆಲೆಗೆ ಹೊಸ ಗಾಡಿಯೊಂದು ದೊರೆಯಬೇಕೆಂದು ಹಟಹಿಡಿದುದರ ಫಲವಾಗಿ ಇದು ೨೦೦೪ರಲ್ಲಿ ರುಮೇನಿಯದಲ್ಲಿ ಹುಟ್ಟಿತು. ಮಹೀಂದ್ರದ ಪಾಲುಗಾರಿಕೆಯಲ್ಲಿ ೨೦೦೭ರಲ್ಲಿ ನಾಸಿಕದಲ್ಲಿ ತಯಾರಾಗತೊಡಗಿತು. ೨೦೧೦ರಲ್ಲಿ ಪಾಲುಗಾರಿಕೆ ಮುರಿದ ಮೇಲೆ ವೆರಿಟೊ ಎಂಬ ಹೆಸರಿನಲ್ಲಿ ಕೆಲವು ಕಾಲ ನಡೆಯಿತು. ಅದರ ಮೂಲ ರಚನೆಯಲ್ಲಿ ಎಡ ಬಲ ಹೊರಗನ್ನಡಿಗಳು ಒಂದೇ ಅಚ್ಚಿನವು. ಬಲದ್ದನ್ನು ತಿರುಗಿಸಿದರೆ ಎಡದ್ದು. ಪಕ್ಕದ ಬಾಗಿಲುಗಳ ಮೇಲಿನ ಕಾಪುಪಟ್ಟಿಗಳೂ ಹಾಗೆಯೇ. ಮುಂಗಾಜನ್ನು ಹೆಚ್ಚು ಬಾಗಿಸಿಲ್ಲ; ಬಾಗು ಕಡಮೆಯಾದಷ್ಟು ಗಾಜಿನ ಬೆಲೆ ಕಡಮೆ. ಮುಂಭಾಗದ ಹಲಗೆ ಒಂದೇ ಎರಕ. ಹೀಗೆ ಉಳಿಸಿದ್ದರಲ್ಲಿ ಐದು ಮಂದಿ ಸುಖವಾಗಿ ಕೂರುವ ಅಗಲವನ್ನೂ ೫೧೦ ಲೀಟರಿನ ಡಿಕ್ಕಿಯನ್ನೂ ಕೊಟ್ಟರು. ಇದನ್ನು 'ಅಗ್ಗದ ಗಾಡಿ'ಯೆಂದು ಮೂಗು ಮುರಿದವರಿದ್ದಾರೆ. ನನಗಾದರೋ ಒಂದೇ ಪದವನ್ನು ಎರಡು ಸ್ಥಾನಗಳಲ್ಲಿ ನಿಲ್ಲಿಸಿ ಎರಡು ಅರ್ಥವನ್ನು ಪಡೆಯುವ ಯಮಕದಂತೆ ಇದು ಕಾಣುತ್ತದೆ. ಯಮಕದಲ್ಲಿ ಬಹುಮಟ್ಟಿಗೆ ಸರ್ಕಸ್ಸೇ ಹೆಚ್ಚು, ಇಲ್ಲಿ ಬಡವನ ಜೇಬಿಗೆ ಉಳಿತಾಯ. ಕೊಂಡವನಿಗೆ ಕನ್ನಡಿಯ ಗುಟ್ಟು ಗೊತ್ತಿರಬೇಕಾಗಿಲ್ಲ. ಅದರ ಫಲ ಅವನಿಗೆ ಡಿಕ್ಕಿಯಲ್ಲಿ ಸಂದಿದೆ.

ಅದೇ ಊರಿನಲ್ಲಿ ಇದಕ್ಕೆ ಪ್ರತಿಯಾದ ಉದಾಹರಣೆಯೂ ಸಿಕ್ಕುತ್ತದೆ. ೨೦೦೬ರ ಕೇಂದ್ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರಿಗೆ ಮೀರದ ಉದ್ದವೂ ಸಣ್ಣ ಎಂಜಿನ್ನೂ ಉಳ್ಳ ಕಾರುಗಳಿಗೆ ಸುಂಕವನ್ನು ಶೇಕಡಾ ೨೪ರಿಂದ ೧೬ಕ್ಕೆ ಇಳಿಸಿದರು. ಅಂದಿನಿಂದ ನಮ್ಮ ಗಾಡಿಗಳ ಆಕಾರವನ್ನು ಶಿಲ್ಪಿಗಿಂತ ಹೆಚ್ಚಾಗಿ ಸುಂಕದ ಅಧಿಕಾರಿ ಕಡೆಯುತ್ತಿದ್ದಾನೆ. ೪,೧೦೭ ಮಿಲಿಮೀಟರ್ ಉದ್ದವಿದ್ದ ಬೊಲೆರೊ ೨೦೧೬ರಲ್ಲಿ ಬಂಪರುಗಳನ್ನು ಮಾರ್ಪಡಿಸಿಕೊಂಡು ಸಣ್ಣ ಎಂಜಿನ್ನಿನೊಡನೆ ೩,೯೯೫ ಮಿಲಿಮೀಟರಿನ ಹೊಸ ಅವತಾರ ತಾಳಿತು. ೨೦೨೫ರ ಸೆಪ್ಟೆಂಬರಿನಲ್ಲಿ ಜಿ. ಎಸ್. ಟಿ. ದರಗಳು ಬದಲಾದಾಗಲೂ ಆ ನಾಲ್ಕು ಮೀಟರಿನ ಗೆರೆ ಹಾಗೆಯೇ ಉಳಿಯಿತು: ಒಳಗಿನ ಸಣ್ಣ ಗಾಡಿಗಳಿಗೆ ೧೮, ಹೊರಗಿನವಕ್ಕೆ ೪೦. ಗಾಡಿಯ ಬೆನ್ನು ಏಕೆ ಕತ್ತರಿಸಿದಂತಿದೆ ಎಂದು ಕೇಳುವ ಗಿರಾಕಿಗೆ ಷೋರೂಮಿನವರು 'ಇದೇ ಈಗಿನ ಫ್ಯಾಷನ್ನು' ಎಂದಾರು. ಇದನ್ನು ಮುಚ್ಚುಮರೆಯೆನ್ನುವಷ್ಟು ನಾನು ಕಠಿನನಾಗಲಾರೆ. ಬೆಲೆಯಲ್ಲಿ ಗಿರಾಕಿಗೂ ಪಾಲು ಬಂದಿದೆ. ಆದರೆ ಇದು ಛಂದಸ್ಸಿಗಾಗಿ ಕಾಲು ಮುರಿದ ಪದದಂತೆ. ಗಣ ಕೂಡಿದರೂ ಕಿವಿಗೆ ತಿಳಿಯುತ್ತದೆ.

ಗಾಡಿಯ ಮೈಯೊಳಗೆ ಎಂದೂ ಕಾಣದಿರಲೆಂದು ಹಾರೈಸಬೇಕಾದ ಒಂದು ರಚನೆಯಿದೆ. ಗಟ್ಟಿಯಾದ ಗಾಡಿಯೇ ಸುರಕ್ಷಿತವೆಂಬ ನಂಬಿಕೆಯನ್ನು ಆಸ್ಟ್ರಿಯಾ ಮೂಲದ ಬೇಲಾ ಬರೇನಿ ಎಂಬ ಎಂಜಿನಿಯರ್ ಅಲ್ಲಗಳೆದನು. ಮುಂದಿನ ಹಿಂದಿನ ಭಾಗಗಳು ಅಪಘಾತದಲ್ಲಿ ತಾವು ಜಜ್ಜಿಹೋಗಿ ಆಘಾತವನ್ನು ನುಂಗಬೇಕು, ನಡುವಣ ಕೋಣೆ ಮಾತ್ರ ಬಾಗಬಾರದು ಎಂಬುದು ಅವನ ಸಿದ್ಧಾಂತ. ಮರ್ಸಿಡಿಸ್ ಸಂಸ್ಥೆಯ ೧೯೫೯ರ ಗಾಡಿಯಲ್ಲಿ ಅದು ಕಾರ್ಯಗತವಾಯಿತು. ನಾಸಿಕದಲ್ಲಿ ತಯಾರಾದ ಎಕ್ಸ್‌ಯುವಿ ೩೦೦ ಎಂಬ ಗಾಡಿಯು ೨೦೨೦ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರಗಳನ್ನು ಪಡೆದುದು ಇಂಥ ಒಳಗಟ್ಟಿನಿಂದ. ಸಣ್ಣ ತಾಗಾಟಕ್ಕೇ ಬಂಪರ್ ಮುದುಡಿತೆಂದು 'ಈಗಿನ ಗಾಡಿಗಳೆಲ್ಲ ತಗಡು' ಎಂದು ಹಳಿಯುವವರು ಎರಡು ಬೇರೆ ಗುಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಇಷ್ಟು ಹೇಳಿದ ಮೇಲೆ ಸೌಮ್ಯವಲ್ಲದ ಪ್ರಕರಣವೊಂದನ್ನು ಎತ್ತಿಕೊಳ್ಳಬೇಕಾಗಿದೆ. ಸ್ಕೋಡಾ ಸಂಸ್ಥೆ ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹಕ್ಕೆ ಸೇರಿದುದು. ಆ ಸಮೂಹದ ಡೀಸೆಲ್ ಎಂಜಿನ್ನುಗಳ ನಿಯಂತ್ರಣ ತಂತ್ರಾಂಶದಲ್ಲಿ ಒಂದು ಕಪಟವಿದೆಯೆಂದು ೨೦೧೫ರ ಸೆಪ್ಟೆಂಬರ್ ೧೮ರಂದು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆ ಬಯಲು ಮಾಡಿತು. ಗಾಡಿಯು ಪ್ರಯೋಗಶಾಲೆಯಲ್ಲಿ ಪರೀಕ್ಷೆಗೆ ನಿಂತಿದೆಯೇ, ರಸ್ತೆಯಲ್ಲಿ ಓಡುತ್ತಿದೆಯೇ ಎಂಬುದನ್ನು ಸ್ಟಿಯರಿಂಗಿನ ಅಲುಗಾಟವೇ ಮೊದಲಾದ ಕುರುಹುಗಳಿಂದ ಊಹಿಸಿ, ಪರೀಕ್ಷೆಯಲ್ಲಿ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧಿಮಾಡುವಂತೆ ಅದನ್ನು ರಚಿಸಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಅಮೆರಿಕದ ಮಿತಿಗಿಂತ ನಾಲ್ವತ್ತು ಪಟ್ಟಿನವರೆಗೂ ಹೊರಬೀಳುತ್ತಿದ್ದುವು. ಭಾರತದಲ್ಲಿ ಆ ವರ್ಷದ ಡಿಸೆಂಬರಿನಲ್ಲಿ ಆ ಎಂಜಿನ್ನಿನ ೩,೨೩,೭೦೦ ಗಾಡಿಗಳನ್ನು ತಿದ್ದುಪಡಿಗೆ ಹಿಂದಕ್ಕೆ ಕರೆದರು. ಅವುಗಳಲ್ಲಿ ೮೮,೭೦೦ ಸ್ಕೋಡಾ ಗಾಡಿಗಳು. ಭಾರತದ ನಿಯಮವನ್ನು ತಾನು ಮೀರಿಲ್ಲವೆಂಬುದು ಸಂಸ್ಥೆಯ ವಾದ. ೨೦೧೯ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೫೦೦ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು; ಬಲವಂತದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು ಆ ಮೇ ತಿಂಗಳಿನಲ್ಲಿ ತಡೆಹಿಡಿಯಿತು. ನ್ಯಾಯದ ನಿರ್ಣಯ ನನ್ನ ಕೆಲಸವಲ್ಲ. ರಚನೆಯ ದೃಷ್ಟಿಯಿಂದ ನೋಡಿದರೆ ಎರಡೂ ಬುದ್ಧಿವಂತಿಕೆಗಳು ಒಂದೇ ಮನೆತನದವು. ಮಳೆ ಬಂದಾಗ ಕೊಡೆ ಬೇಕಾಗುವುದೆಂದು ಮುಂದಾಗಿ ನೆನೆದ ಬುದ್ಧಿ ಒಂದು. ಪರೀಕ್ಷಕನು ಬಂದಾಗ ಹೇಗಿರಬೇಕೆಂದು ಮುಂದಾಗಿ ನೆನೆ​ದ ಬುದ್ಧಿ ಇನ್ನೊಂದು. ಮೊದಲನೆಯದನ್ನು ಜಾಹೀರಾತಿನಲ್ಲಿ ಎಣಿಸಿದರು. ಎರಡನೆಯದನ್ನು ಯಾವ ಪಟ್ಟಿಯಲ್ಲಿಯೂ ಸೇರಿಸಲಿಲ್ಲ.

ಶೇಂದ್ರದಿಂದ ಬಹುದೂರವಿಲ್ಲದ ದೇವಗಿರಿಯಲ್ಲಿ ಅಡಗಿದ ರಚನೆಯ ಈ ಕ್ರೂರ ಮುಖವನ್ನು ಕಲ್ಲಿನಲ್ಲಿಯೇ ಕಾಣಬಹುದು. ಬಂಡೆಯೊಳಗೆ ಕೊರೆದ 'ಅಂಧೇರಿ' ಎಂಬ ಕತ್ತಲೆಯ ದಾರಿ ತಿರುಗಿ ತಿರುಗಿ ಮೇಲಕ್ಕೇರುತ್ತದೆ. ಅದರ ಮೇಲಿನ ಬಾಯಿಯನ್ನು ಕಬ್ಬಿಣದಿಂದ ಮುಚ್ಚಿ ಬೆಂಕಿಯುರಿಸುವ ಏರ್ಪಾಡಿತ್ತು. ಒಳಹೊಕ್ಕವನನ್ನು ದಿಕ್ಕುಗೆಡಿಸುವುದೇ ಅದರ ಉದ್ದೇಶ. ಹಗೆಗಾಗಿ ಮಾಡಿದ ಮುಚ್ಚುಮರೆಯಾದ್ದರಿಂದ ಅದನ್ನು ದೂರಲಾಗದು. ಅದೇ ಕೋಟೆಯ ಇನ್ನೊಂದು ಕಥೆಯುಂಟು. ೧೨೯೬ರಲ್ಲಿ ಅಲ್ಲಾವುದ್ದೀನನು ಮುತ್ತಿದಾಗ ಕೋಟೆಯೊಳಕ್ಕೆ ಅವಸರದಿಂದ ಸಾಗಿಸಿದ ಮೂಟೆಗಳಲ್ಲಿ ಧಾನ್ಯವಿದೆಯೆಂದು ರಾಮಚಂದ್ರನ ಕಡೆಯವರು ನೆಚ್ಚಿದ್ದರಂತೆ. ಬಿಚ್ಚಿದಾಗ ಉಪ್ಪು. ಸೇವುಣರ ಸೋಲಿಗೆ ಅಂಧೇರಿಯ ಕತ್ತಲೆಗಿಂತ ಆ ಮೂಟೆಗಳು ಹೆಚ್ಚು ಕಾರಣವಾದುವೆಂದು ಕಥೆ. ಪರೀಕ್ಷೆಯಲ್ಲಿ ಧಾನ್ಯವಾಗಿದ್ದು ರಸ್ತೆಯಲ್ಲಿ ಉಪ್ಪಾದ ಎಂಜಿನ್ನನ್ನು ಕುರಿತು ಓದುವಾಗ ನನಗೆ ಇದು ನೆನಪಾಗುತ್ತದೆ.

ಕೊನೆಯದಾಗಿ, ನಮ್ಮ ಭಾಷೆಗೆ ಸಂಬಂಧಪಟ್ಟ ಒಂದು ವಿಷಯ. ಅಡಕವು ಬಳಸುವವನ ಸ್ವತ್ತು ಎಂದೆ. ಆದರೆ ಆ ಸ್ವತ್ತಿನ ಪಟ್ಟಿಯಿರುವುದು ಗಾಡಿಯ ಮುಂಗೂಡಿನಲ್ಲಿರುವ ಕೈಪಿಡಿಯಲ್ಲಿ, ಮತ್ತು ನಾನು ನೋಡಿದ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ನಮ್ಮ ನಗರಗಳಲ್ಲಿ ಗಾಡಿ ನಡೆಸಿ ಜೀವಿಸುವವರಲ್ಲಿ ಎಷ್ಟು ಮಂದಿ ಅದನ್ನು ಓದಿಯಾರು? ಅವರ ಪಾಲಿಗೆ ಬಾಗಿಲಿನ ಸೀಳುಗಂಡಿಯೂ, ನೆಲದ ಬಿರಡೆಯೂ ಅಡಕವಾಗಿದ್ದದ್ದು ಮುಚ್ಚುಮರೆಯಾಗಿ ಮಾರ್ಪಡುತ್ತವೆ. ಇದರ ಹಾನಿ ತುಕ್ಕಿಗೆ ನಿಲ್ಲುವುದಿಲ್ಲ. ಆಸನದ ಮೇಲ್ತುದಿಯಲ್ಲಿರುವ ದಿಂಬನ್ನು ನಮ್ಮವರು 'ತಲೆದಿಂಬು' ಎನ್ನುತ್ತಾರೆ. ದಿಂಬೆಂದ ಮೇಲೆ ಒರಗಿ ನಿದ್ರಿಸುವುದಕ್ಕೆಂದು ತಿಳಿದು, ಬೇಡವಾದರೆ ಕೆಳಗೆ ತಳ್ಳುತ್ತಾರೆ, ಕೆಲವರು ಕಿತ್ತೇ ಇಡುತ್ತಾರೆ. ವಾಸ್ತವವಾಗಿ ಅದು ಹಿಂದಿನಿಂದ ಬಂದ ಗಾಡಿ ಗುದ್ದಿದಾಗ ತಲೆ ಹಿಂದಕ್ಕೆ ಚಿಮ್ಮಿ ಕತ್ತು ಉಳುಕದಂತೆ ತಡೆಯಲು ಇರುವುದು. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು. ಅದನ್ನು 'ತಲೆತಡೆ' ಎಂದು ಕರೆದಿದ್ದರೆ ಹೆಸರೇ ಅರ್ಧ ಕೈಪಿಡಿಯ ಕೆಲಸವನ್ನು ಮಾಡುತ್ತಿತ್ತು. ನೀರಿಳಿಯುವ ಗಂಡಿಗೆ 'ಬಸಿಗಂಡಿ' ಎಂದರೆ ಸಾಕು. ಹೊಲದ ಬಸಿಗಾಲುವೆಯನ್ನು ಬಲ್ಲವರಿಗೆ ಅದನ್ನು ಮುಚ್ಚಬಾರದೆಂದು ಬೇರೆ ಹೇಳಬೇಕಾಗಿಲ್ಲ. ಬರೇನಿಯ ಮುದುಡುವ ಭಾಗಕ್ಕೆ 'ನುಗ್ಗುವಲಯ' ಎಂದು ಒಬ್ಬ ಮಿತ್ರರು ಸೂಚಿಸಿದರು. ನುಗ್ಗು ಎಂಬುದಕ್ಕೆ ಒಳಹೊಗುವುದೆಂಬ ಅರ್ಥವೂ ಇರುವುದರಿಂದ ಎದುರಿನ ಗಾಡಿ ನುಗ್ಗಿಬರುವ ಜಾಗವೆಂದು ತಿಳಿಯುವ ಅಪಾಯವಿದೆ. 'ಜಜ್ಜುಭಾಗ' ಕಿವಿಗೆ ಒರಟಾದರೂ ಅರ್ಥದಲ್ಲಿ ನೇರ. ಇದಕ್ಕಿಂತ ಒಳ್ಳೆಯ ಮಾತು ಗ್ಯಾರೇಜುಗಳಲ್ಲಿ ಈಗಾಗಲೇ ಬಳಕೆಯಲ್ಲಿದ್ದರೆ, ಬಲ್ಲವರು ಬರೆದು ತಿಳಿಸಬೇಕೆಂದು ಕೋರುತ್ತೇನೆ.